ಮುದ್ರೆ ಕುಯ್ಯದ ಎತ್ತು

ನಮ್ಮ ಮನೆಗೆ ಬಂದವರ ಕಣ್ಣು ಮೊದಲು ಹೋಗುತ್ತಿದ್ದುದು ಖಾಲಿ ಕೊಟ್ಟಿಗೆಯ ಕಡೆಗೆ. ಹುಣಸೂರಿನ ಸುತ್ತಿನ ಒಕ್ಕಲು ಮನೆಗಳೆಲ್ಲ ಆಗ ಒಂದೇ ಥರ. ತಲೆಬಾಗಿಲು ದಾಟಿದರೆ ಎಡಕ್ಕೆ ಎತ್ತು ಕಟ್ಟುವ ಜಾಗ, ಬಲಕ್ಕೆ ಜನ ಕೂರುವ ಜಗಲಿ, ನಡುವೆ ತೊಟ್ಟಿ, ಹಿಂದೆ ಹೊಗೆ ಹಿಡಿದ ಅಡುಗೆಮನೆ. ದನಗಳೂ ನಾವೂ ಒಂದೇ ಬಾಗಿಲಲ್ಲಿ ಒಳಗೆ ಬರಬೇಕು. ಬೇರೆಯವರ ಮನೆಗಳಲ್ಲಿ ಎತ್ತು ಮೆಲುಕು ಹಾಕುವ ಸದ್ದು ಕೇಳುತ್ತಲೇ ಮಕ್ಕಳು ನಿದ್ದೆ ಹೋಗುತ್ತಿದ್ದರು. ನಾನು ಅವ್ವನ ಬೈಗುಳ ಕೇಳುತ್ತ ನಿದ್ದೆ ಹೋಗುತ್ತಿದ್ದೆ. ನಮ್ಮ ಗೋದಲಿಯಲ್ಲಿ ಹುಲ್ಲಿನ ಬದಲು ಸೌದೆ ಇರುತ್ತಿತ್ತು. ನಮ್ಮ ಹಿರಿಯರು ಸರ್ಕಾರಿ ದನ ಮೇಯುವ ಹುಲ್ಲುಗಾವಲಾದ ಕಾವಲಿನಲ್ಲಿದ್ದವರು. ಕಾವಲಿನಲ್ಲಿ ಹುಟ್ಟಿದ ಕರುಗಳನ್ನು ಸಾಕಿ, ಪಳಗಿಸಿ, ಎತ್ತಾದ ಮೇಲೆ ಸರ್ಕಾರಕ್ಕೆ ಒಪ್ಪಿಸುವುದು ಅವರ ಕೆಲಸ. ಅಂಥವರ ಮನೆಯಲ್ಲಿ ಒಂದು ಕರುವೂ ಇರಲಿಲ್ಲ ಎಂದರೆ ಊರಿನವರು ಸುಮ್ಮನಿರುತ್ತಾರೆಯೇ? ಯುದ್ಧಕ್ಕೆ ಹೋದ ಅಪ್ಪನನ್ನು ಕೆಲಸದಿಂದ ತೆಗೆದು ವಾಪಸ್ ಕಳಿಸಿದ ಕಾಗದದಲ್ಲಿ, ಇವನು ಸರ್ಕಾರಿ ಎತ್ತು ಮಾರಿಕೊಂಡವನು ಎಂದು ಬರೆದಿತ್ತು. ಅದರ ಹಿಂದೆಯೇ ಕಾವಲಿನ ಕೆಲಸವೂ ಹೋಯಿತು. ಆ ಮಾತು ಕಾಗದದಿಂದ ಹೋಗುವ ತನಕ ತನ್ನ ಕೊಟ್ಟಿಗೆಯಲ್ಲಿ ಎತ್ತು ಕಟ್ಟುವುದಿಲ್ಲ ಎಂದು ಅಪ್ಪ ಹಟ ಹಿಡಿದ. ಹೊಲ ಉಳಬೇಕಾದರೆ ಬೇರೆಯವರ ಮನೆಯಲ್ಲಿ ದುಡಿದು, ಆ ಮುಯ್ಯಿಗೆ ಅವರ ಎತ್ತು ತರಬೇಕಿತ್ತು. ಎತ್ತಿನ ಯಜಮಾನ ಅಪ್ಪನ ಕೈಗೆ ಹಗ್ಗ ಕೊಟ್ಟು ಮನೆಗೆ ಹೋಗುತ್ತಿರಲಿಲ್ಲ. ಬದುವಿನ ಮೇಲೆ ಬೀಡಿ ಸೇದುತ್ತ ಸಂಜೆಯವರೆಗೂ ಕಾಯುತ್ತ ಕೂತಿರುತ್ತಿದ್ದ. ಅಪ್ಪ ತಲೆ ಎತ್ತದೆ ಉಳುತ್ತಿದ್ದ.

ಅಪ್ಪ ಎತ್ತು ಮಾರಿರಲಿಲ್ಲ. ನಡೆದದ್ದೇ ಬೇರೆ. ನಮ್ಮ ಕಡೆಯವರು ಜರ್ಮನಿ ಯುದ್ಧ ಎನ್ನುತ್ತಿದ್ದ ಆ ಯುದ್ಧಕ್ಕೆ ಕಾವಲಿನ ಎತ್ತುಗಳನ್ನು ರೈಲಿಗೆ ಹತ್ತಿಸಿ, ಆಮೇಲೆ ಹಡಗಿಗೆ ಹತ್ತಿಸಿ ಅರಬರ ಸೀಮೆಯ ಬಸ್ರಾಕ್ಕೆ ಕಳಿಸಿದರು. ಗಾಡಿ ಹೊಡೆಯಲು ಅವುಗಳ ಜೊತೆಗೆ ಕಾವಲಿನ ಗಂಡಸರೂ ಹೋದರು. ಆಗ ನಾನು ತೊಟ್ಟಿಲಲ್ಲಿದ್ದೆನಂತೆ. ಅಪ್ಪನ ಗಾಡಿಯ ಬಲಗಡೆ ಎತ್ತಿನ ಹೆಸರು ಬೂದ. ಹುಟ್ಟಿದಾಗಲೇ ತಾಯಿ ಸತ್ತ ಕರು ಅದು. ನಮ್ಮ ಅಜ್ಜಿ ಅದಕ್ಕೆ ರಾಗಿ ಗಂಜಿ ಕುಡಿಸಿ ಇದೇ ಕೊಟ್ಟಿಗೆಯಲ್ಲಿ ಬೆಳೆಸಿದ್ದಳು. ಸರ್ಕಾರದ ಎತ್ತುಗಳಿಗೆಲ್ಲ ತೊಡೆಯ ಮೇಲೆ ಕಾದ ಕಬ್ಬಿಣದಿಂದ ಮುದ್ರೆ ಹಾಕಿರುತ್ತಿದ್ದರು. ಯುದ್ಧದಲ್ಲಿ ಎತ್ತು ಸತ್ತರೆ ಮುದ್ರೆ ಇರುವಷ್ಟು ಚರ್ಮ ಕುಯ್ದು ಮೇಲಿನವರ ಮುಂದೆ ಇಡಬೇಕು. ಹಾಗೆ ಇಡದವನು ಎತ್ತು ಮಾರಿಕೊಂಡ ಎಂದೇ ಲೆಕ್ಕ. ಮಾರಿಕೊಂಡವರೂ ಇದ್ದರಂತೆ, ಹಾಗಾಗಿ ಆ ಕಟ್ಟುಪಾಡು ತಪ್ಪು ಎಂದು ನಾನು ಹೇಳಲಾರೆ. ಆದರೆ ನಮ್ಮ ಮನೆತನದ ಕಟ್ಟುಪಾಡೂ ಒಂದಿತ್ತಲ್ಲ. ಮನೆಯಲ್ಲಿ ಸಾಕಿದ ಎತ್ತು ಸತ್ತರೆ ಮೈ ತೊಳೆದು, ಕೊಂಬಿಗೆ ಅರಿಶಿನ ಹಚ್ಚಿ, ಬಾಯಿಗೆ ಹಿಡಿ ರಾಗಿ ಇಟ್ಟು, ಇಡಿಯಾಗಿ ಮಣ್ಣು ಮಾಡುತ್ತಿದ್ದರು. ಅದರ ಮೈಗೆ ಕತ್ತಿ ತಾಗುವಂತಿಲ್ಲ. ಆ ದಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೂದ ಬಸ್ರಾದ ಹತ್ತಿರ ನದಿಯಂಚಿನ ಕೆಸರಿನಲ್ಲಿ ಹೂತು, ಏಳಲಾರದೆ ಸತ್ತಿತು. ಅಪ್ಪ ಅದನ್ನು ಹುಣಸೂರಿನಲ್ಲಿ ಹೇಗೋ ಅಲ್ಲಿಯೂ ಹಾಗೆಯೇ ಮಣ್ಣು ಮಾಡಿದ. ಚರ್ಮ ಎಲ್ಲಿ ಎಂದು ಮೇಲಿನವರು ಕೇಳಿದಾಗ, ಹೂತಿದ್ದೇನೆ ಎಂದ. ತೋರಿಸು ಎಂದರು. ಅಷ್ಟರಲ್ಲಿ ನದಿ ಉಕ್ಕಿ ದಡವೆಲ್ಲ ಒಂದೇ ಸಮ ಕೆಸರಾಗಿತ್ತು. ಅಪ್ಪ ಅಗೆದು ಅಗೆದು ನೋಡಿದನಂತೆ, ಜಾಗವೇ ಸಿಗಲಿಲ್ಲವಂತೆ.

ನಮ್ಮ ಮನೆಯ ಜಗಳಗಳೆಲ್ಲ ಊಟದ ಹೊತ್ತಿನಲ್ಲಿ ಹುಟ್ಟುತ್ತಿದ್ದವು. ಅವ್ವನಿಗೆ ಮುದ್ದೆ ಕಟ್ಟುವಾಗ ಇಲ್ಲದ ಸಿಟ್ಟು ಅದನ್ನು ಅಪ್ಪನ ತಣಿಗೆಗೆ ಹಾಕುವಾಗ ಬರುತ್ತಿತ್ತು. ಹುರುಳಿ ಸಾರು ಬಿಡುತ್ತ ಶುರು ಮಾಡುತ್ತಿದ್ದಳು.

"ಸತ್ತೋಗಿರೋ ಎತ್ತಿಗೆ ನೋವಾಯ್ತಿತ್ತಾ? ಒಂದ್ ಅಂಗೈಯಗಲ ಚರ್ಮ ಕುಯ್ದು ಕೊಟ್ಟಿದ್ರೆ ನಿನ್ನ ಗಂಟೇನು ಓಯ್ತಿತ್ತು?"

"ಆಗ್ನಿಲ್ಲ ಕಣೆ. ಬುಡು."

"ಬುಡು ಬುಡು ಅಂತ ಬುಟ್ಟು ಬುಟ್ಟೇ ಇಂಗಾಗಿರೋದು. ಎತ್ತಿನ ಮೈ ಕಾಪಾಡ್ದೆ. ನಮ್ ಮೈಗೆ ಮುದ್ರೆ ಆಕಿಸ್ಕಂಡ್ ಬಂದೆ."

ಅಪ್ಪ ಮುದ್ದೆ ಮುರಿದು ನುಂಗುತ್ತಿದ್ದ. ಅವ್ವ ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ. ಊರಿನ ಮಕ್ಕಳಿಗೆ ನಾನು ಎತ್ತು ಮಾರಿದವನ ಮಗಳು. ಹಾಗೆಂದು ಕೂಗಿದ ಹುಡುಗಿಯೊಬ್ಬಳ ತೋಳನ್ನು ನಾನು ರಕ್ತ ಬರುವ ಹಾಗೆ ಕಚ್ಚಿದ್ದೆ. ಅದಕ್ಕೆ ಅವ್ವ ನನಗೆ ಹೊಡೆಯಲಿಲ್ಲ, ಅವತ್ತು ಒಂದು ಚೂರು ಬೆಲ್ಲ ಜಾಸ್ತಿಯೇ ಕೊಟ್ಟಳು. ಸೋಮವಾರ ಬಸವನ ದಿನ, ಯಾರೂ ಎತ್ತು ಹೂಡುವುದಿಲ್ಲ, ಹಾಗಾಗಿ ಅಪ್ಪನಿಗೆ ಮುಯ್ಯಿ ಕೆಲಸವೂ ಇರುತ್ತಿರಲಿಲ್ಲ. ಆ ದಿನ ಮಡಿಸಿಟ್ಟ ಪಂಚೆ ಉಟ್ಟು, ರುಮಾಲು ಸುತ್ತಿ, ಹುಣಸೂರಿನ ಕಚೇರಿಗೆ ನಡೆದು ಹೋಗುತ್ತಿದ್ದ. ಕಚೇರಿಯ ಮುಂದೆ ಅರ್ಜಿ ಬರೆಯುವ ಅಯ್ಯನೊಬ್ಬ ಚಾಪೆ ಹಾಸಿಕೊಂಡು ಕೂತಿರುತ್ತಿದ್ದ. ಅವನ ಕೈಯಲ್ಲಿ ಬರೆಸಿದ ಅರ್ಜಿ ಅಮಲ್ದಾರರಿಗೆ, ಅಲ್ಲಿಂದ ಮೈಸೂರಿಗೆ, ಮತ್ತೆಲ್ಲಿಗೋ ಹೋಗಿ ತಿಂಗಳುಗಟ್ಟಲೆ ತಿರುಗಿ ಬರುತ್ತಿತ್ತು. ಪ್ರತಿ ಸಲವೂ ಒಂದೇ ಜವಾಬು, ಹೂತದ್ದಕ್ಕೆ ಸಾಕ್ಷಿ ಇದ್ದರೆ ಹಾಜರುಪಡಿಸತಕ್ಕದ್ದು. ಸಾಕ್ಷಿ ಯಾರೂ ಇಲ್ಲ ಎಂದು ಅಪ್ಪ ಹೇಳುತ್ತಿದ್ದ. ಅರ್ಜಿ ಬರೆಯುವ ಅಯ್ಯನಿಗೇ ಬೇಜಾರಾಗಿ, ಇನ್ನು ಬರಬೇಡ ಗೌಡ ಎಂದಿದ್ದನಂತೆ. ಮುಂದಿನ ಸೋಮವಾರ ಅಪ್ಪ ಮತ್ತೆ ರುಮಾಲು ಸುತ್ತಿದ.

ಒಂದು ಸಂಕ್ರಾಂತಿಯ ಸಂಜೆ ಗುಟ್ಟು ಹೊರಬಿತ್ತು. ನಮ್ಮ ಕಡೆ ಸಂಕ್ರಾಂತಿಗೆ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಊರ ಮುಂದೆ ಹುಲ್ಲಿಗೆ ಬೆಂಕಿ ಹಚ್ಚಿ ಕಿಚ್ಚು ಹಾಯಿಸುತ್ತಾರೆ. ಊರೆಲ್ಲ ಹೋಗಿತ್ತು. ನಾವು ಮೂವರು ಮಾತ್ರ ಮನೆಯೊಳಗಿದ್ದೆವು. ಅವ್ವ ಹಿತಕಿದವರೆ ಸಾರು ಮಾಡಿ ಒಲೆಯ ಮೇಲೆಯೇ ಬಿಟ್ಟಿದ್ದಳು. ಹೊರಗಡೆ ಹೋ ಎನ್ನುವ ಕೂಗು ಕೇಳಿದಾಗಲೆಲ್ಲ ಅಪ್ಪನ ಕಾಲು ತಾನಾಗಿ ಅಲುಗುತ್ತಿತ್ತು. ಅವ್ವನಿಗೆ ತಡೆಯಲಾಗಲಿಲ್ಲ.

"ನಿನ್ ಕೈಗೇನಾಗಿತ್ತು ಅವತ್ತು? ಕತ್ತಿ ಇರ್ನಿಲ್ವಾ?"

"ಕತ್ತಿ ಸಾಬ್ರ ತಾವ ಇತ್ತು. ಅವ್ರು ತೆಗ್ದೂ ಬುಟ್ಟಿದ್ರು. ನಾನೇ ಕೈ ಇಡ್ಕಂಡು ಬ್ಯಾಡ ಅಂದೆ."

"ಸಾಬ್ರಾ? ಯಾವ ಸಾಬ್ರು?"

ಅಪ್ಪ ಎದ್ದು ಹೊರಗೆ ಹೊರಟ. ಆದರೆ ಅವ್ವ ಬಿಡುವ ಪೈಕಿಯೇ? ಎದ್ದು ಹೋಗಿ ಬಾಗಿಲಿಗೆ ಅಡ್ಡ ನಿಂತಳು. ಕಡೆಗೆ ಎಲ್ಲವನ್ನೂ ಕಕ್ಕಿಸಿದಳು. ಹುಣಸೂರು ಪೇಟೆಯ ಇಮಾಮ್ ಸಾಬರು ಎತ್ತಿಗೆ ಲಾಳ ಕಟ್ಟುವವರಾಗಿ ಅದೇ ದಂಡಿನಲ್ಲಿದ್ದರು. ಸತ್ತ ಎತ್ತಿನ ಮುದ್ರೆ ಕುಯ್ಯುವುದೂ ಅವರದೇ ಕೆಲಸ. ಅಪ್ಪ ಅತ್ತಿದ್ದನ್ನು ನೋಡಿ ಸಾಬರು ಕತ್ತಿಯನ್ನು ಒರೆಗೆ ಹಾಕಿ ಗುದ್ದಲಿ ತಂದರು. ಇಬ್ಬರೂ ಸೇರಿ ಗುಂಡಿ ತೋಡಿದರು. ಆಮೇಲೆ ವಿಚಾರಣೆಯಲ್ಲಿ ಅಪ್ಪ ಅವರ ಹೆಸರೇ ಎತ್ತಲಿಲ್ಲ, ತಾನು ಅವರನ್ನು ಕರೆಯಲೇ ಇಲ್ಲ ಎಂದ. ಸಾಬರು ಆಗಲೇ ಜ್ವರ ಬಂದು ಆಸ್ಪತ್ರೆ ಸೇರಿದ್ದರಿಂದ ಅವರನ್ನು ಯಾರೂ ಕೇಳಲೂ ಇಲ್ಲ. ಯುದ್ಧ ಮುಗಿಸಿ ಬಂದವರಿಗೆ ಸರ್ಕಾರ ಪಿರಿಯಾಪಟ್ಟಣದ ಹತ್ತಿರ ಒಂದಿಷ್ಟು ಭೂಮಿ ಕೊಟ್ಟಿತ್ತು. ಸಾಬರು ಈಗ ಅಲ್ಲಿಯೇ ಇದ್ದರು.

"ನಿಜ ಏಳುದ್ರೆ ಯಾರಿಗ್ ಏನ್ ಕೇಡು? ಓಗು. ಕರ್ಕಂಡ್ ಬಾ ಅವ್ರನ್ನ."

"ಅವ್ರ ಎಸ್ರು ಬರ್ಬಾರ್ದು ಕಣೆ."

"ನನ್ ಮಗಳ ಎಸ್ರು ಬರ್ಬೋದಾ? ಬೀದಿ ಮಕ್ಳ ಬಾಯಲ್ಲಿ?"

ಮಾರನೆಯ ಬೆಳಿಗ್ಗೆ ಅಪ್ಪ ಪಿರಿಯಾಪಟ್ಟಣಕ್ಕೆ ಹೊರಟ. ಒಬ್ಬನನ್ನೇ ಕಳಿಸಿದರೆ ಹೋಗಿ, ಕೂತು, ಎಲೆಅಡಿಕೆ ಹಾಕಿಕೊಂಡು, ಬಾಯಿ ಬಿಡದೆ ವಾಪಸ್ ಬರುತ್ತಾನೆ ಎಂದು ಅವ್ವನಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ನನ್ನನ್ನು ಜೊತೆಗೆ ಅಟ್ಟಿದಳು. ಅಪ್ಪ ಹೇಳದಿದ್ದರೆ ನೀನು ಹೇಳು ಎಂದು ನನ್ನ ಕಿವಿ ಹಿಂಡಿ ಪಾಠ ಮಾಡಿಸಿದ್ದಳು.

ಪಿರಿಯಾಪಟ್ಟಣದಲ್ಲಿ, ಕೊಡಗಿನ ಕಡೆಯಿಂದ ಗಾಡಿಗಳು ಇಳಿಯುವ ರಸ್ತೆ ಪಕ್ಕದಲ್ಲಿ, ಸಾಬರು ಒಂದು ಎತ್ತನ್ನು ಕೆಡವಿ, ಕಾಲು ಕಟ್ಟಿ ಲಾಳ ಹೊಡೆಯುತ್ತಿದ್ದರು. ಬಾಯಲ್ಲಿ ಮೊಳೆಗಳಿದ್ದವು. ಅಪ್ಪನನ್ನು ಕಂಡದ್ದೇ ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿಕೊಂಡು ಎದ್ದರು. "ಅರೆ, ಗೌಡ್ರೇ!" ಎಂದು ತಬ್ಬಿಕೊಂಡೇಬಿಟ್ಟರು. ಎತ್ತು ಕಾಲು ಕಟ್ಟಿಸಿಕೊಂಡು ಬಿದ್ದೇ ಇತ್ತು, ಅದರ ಯಜಮಾನ ಲಬಲಬ ಬಾಯಿ ಬಡಿದುಕೊಂಡ. ಸಾಬರು ಮನೆಗೆ ಕರೆದುಕೊಂಡು ಹೋಗಿ ನಮಗೆ ಬಾಳೆಹಣ್ಣು, ಹಾಲು ಕೊಟ್ಟರು. ನಮ್ಮವರು ಅವರ ಮನೆಯಲ್ಲಿ ಬೇಯಿಸಿದ್ದನ್ನು ಉಣ್ಣುವುದಿಲ್ಲ ಎಂದು ಅವರಿಗೆ ಗೊತ್ತಿತ್ತು, ಬೇಸರ ಮಾಡಿಕೊಳ್ಳಲಿಲ್ಲ. ಮನೆ ತುಂಬ ಮಕ್ಕಳು. ಅವ್ವ ಹೇಳಿದ ಹಾಗೆಯೇ ಆಯಿತು. ಅಪ್ಪ ಮಳೆ ಬೆಳೆಯ ಮಾತಾಡಿದ, ಯಾರ್ಯಾರೋ ಸತ್ತವರ ಮಾತಾಡಿದ, ಎದ್ದು ನಿಂತು ಹೆಗಲಿಗೆ ಟವಲು ಹಾಕಿಕೊಂಡ. ನಾನು ತಡೆಯಲಾರದೆ ಬಾಯಿ ಬಿಟ್ಟೆ.

"ಸಾಬ್ರೇ, ನಮ್ಮಪ್ಪನ್ನ ಎತ್ತು ಮಾರ್ದೋನು ಅಂತಾರೆ. ನೀವು ಬಂದು ಇಲ್ಲ ಅಂತ ಏಳ್ಬೇಕಂತೆ."

ಸಾಬರು ಅಪ್ಪನ ಮುಖ ನೋಡಿದರು. ಅವರಿಗೆ ಇದೊಂದೂ ಗೊತ್ತಿರಲಿಲ್ಲ. ಅಪ್ಪ ಕೆಲಸ ಸಾಕಾಗಿ ಬಿಟ್ಟು ಬಂದಿದ್ದಾನೆ ಎಂದುಕೊಂಡಿದ್ದರಂತೆ.

"ಇಷ್ಟು ವರ್ಷ ಹೇಳಲೇ ಇಲ್ಲವಲ್ಲ ಗೌಡ್ರೇ! ನಾನು ಸತ್ತೋಗಿದ್ನಾ? ಬರ್ತೀನಿ ಬೇಟಿ. ನಿಮ್ಮಮ್ಮಂಗೆ ಹೇಳು, ಇಮಾಮ್ ಸಾಬ್ ಬರ್ತಾನೆ ಅಂತ."

ದಾರಿಯುದ್ದಕ್ಕೂ ನಾನು ಕುಣಿಯುತ್ತ ಬಂದೆ. ಅಪ್ಪ ಕಾಲೆಳೆಯುತ್ತ ಹಿಂದೆ ಬಂದ. ಸಾಕ್ಷಿ ಇದ್ದಾರೆ ಎಂದು ಹೊಸ ಅರ್ಜಿ ಹೋಯಿತು. ಕೆಲವು ತಿಂಗಳಾದ ಮೇಲೆ ಮಿಲಿಟರಿ ಕಡೆಯ ಅಧಿಕಾರಿಯೊಬ್ಬರು ಮೈಸೂರಿನಿಂದ ಹುಣಸೂರಿಗೆ ಬಂದು ಬಂಗಲೆಯಲ್ಲಿ ಇಳಿದುಕೊಂಡರು. ನಮಗೆ ಹೇಳಿಕಳಿಸಿದರು. ಅವತ್ತು ಅವ್ವ ಧಾರೆಗೆ ಉಟ್ಟಿದ್ದ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಉಟ್ಟಳು. ಎದುರಿಗೆ ಸಿಕ್ಕವರಿಗೆಲ್ಲ, ನಮ್ಮ ಕಾಗದ ಇವತ್ತು ಸರಿಯಾಗುತ್ತದೆ ಎಂದು ಕೇಳದಿದ್ದರೂ ಹೇಳಿದಳು. ನಾನೂ ಅವಳೂ ಬಂಗಲೆಯ ಮೆಟ್ಟಿಲ ಹತ್ತಿರ ಕೂತೆವು. ಅಪ್ಪ, ಸಾಬರು ವರಾಂಡದಲ್ಲಿ ಕೈಕಟ್ಟಿ ನಿಂತರು. ಅಧಿಕಾರಿ ಕೆಟ್ಟವರಲ್ಲ. ಸಾಬರು ಎಲ್ಲವನ್ನೂ ಬಿಡಿಸಿ ಹೇಳಿದ್ದನ್ನು ತಾಳ್ಮೆಯಿಂದ ಕೇಳಿದರು. ಆಮೇಲೆ ಕೇಳಿದರು.

"ಮುದ್ರೆ ಕುಯ್ಯೋದು ಯಾರ ಕೆಲಸ?"

"ನನ್ನದೇ ಹುಜೂರ್."

"ಮತ್ತೆ ಯಾಕೆ ಕುಯ್ಯಲಿಲ್ಲ?"

"ಗೌಡ್ರು ಬೇಡ ಅಂದ್ರು. ನನಗೂ ಕೈ ಬರಲಿಲ್ಲ."

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದರು.

"ನೋಡು ಸಾಬ್, ನೀನು ಹೇಳಿದ್ದು ನಿಜ ಅಂತಲೇ ನನಗೆ ಅನ್ನಿಸುತ್ತೆ. ಇದನ್ನ ಬರಕೊಂಡರೆ ಇವನ ಕಾಗದ ಸರಿಹೋಗುತ್ತೆ. ನಿನ್ನ ಕಾಗದ ಕೆಡುತ್ತೆ. ಅಪ್ಪಣೆ ಮೀರಿ, ಮೇಲಿನವರಿಂದ ಮುಚ್ಚಿಟ್ಟವನು ಅಂತಾಗುತ್ತೆ. ನಿನಗೆ ಕೊಟ್ಟಿರೋ ಭೂಮಿ ಉಳಿಯಲ್ಲ. ಯೋಚನೆ ಮಾಡಿ ಹೇಳು."

"ಯೋಚನೆ ಏನಿದೆ ಹುಜೂರ್? ಬರ್ಕೊಳ್ಳಿ."

ಅಷ್ಟರಲ್ಲಿ ಅಪ್ಪ ಒಂದು ಹೆಜ್ಜೆ ಮುಂದೆ ಬಂದ.

"ಬರ್ಕಬ್ಯಾಡಿ ಬುದ್ಧಿ. ಸಾಬ್ರು ಸ್ನೇಹಕ್ಕೆ ಸುಳ್ಳೇಳ್ತಾವ್ರೆ. ಎತ್ತ ನಾನೇ ಮಾರ್ದೆ."

ಅವ್ವ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒಡೆದು ಇಬ್ಬರಿಗೂ ಚುಚ್ಚಿತು. ಸಾಬರು ಇಲ್ಲ ಇಲ್ಲ ಎಂದು ಕೂಗಾಡಿದರು. ಅಧಿಕಾರಿ ಅವರನ್ನು ಸುಮ್ಮನಿರಿಸಿ ಅಪ್ಪನನ್ನೇ ನೋಡಿದರು.

"ಯಾರಿಗೆ ಮಾರಿದೆ?"

ಸುಳ್ಳು ಹೇಳಿ ಅಭ್ಯಾಸವಿದ್ದರೆ ತಾನೆ! ಅಪ್ಪ ತಬ್ಬಿಬ್ಬಾದ. ಆಚೆ ಈಚೆ ನೋಡಿದ.

"ಗೊತ್ತಿಲ್ಲ ಬುದ್ಧಿ. ಕತ್ಲಾಗಿತ್ತು."

ಅಧಿಕಾರಿಗೆ ಎಲ್ಲ ತಿಳಿದಿತ್ತು, ನನಗೆ ಅನುಮಾನವೇ ಇಲ್ಲ. ಆದರೂ ಬಗ್ಗಿ ಅಷ್ಟನ್ನು ಬರೆದುಕೊಂಡರು. ಅಪ್ಪ ಹೆಬ್ಬೆಟ್ಟು ಒತ್ತಿದ.

ಹೊರಗೆ ಬಂದ ಮೇಲೆ ಸಾಬರು ಅಪ್ಪನ ಅಂಗಿ ಹಿಡಿದು ಜಗ್ಗಾಡಿದರು. ನನ್ನನ್ನು ಸುಳ್ಳುಗಾರ ಮಾಡಿದಿರಲ್ಲ, ನನ್ನ ಮಾನ ಆ ಭೂಮಿಗಿಂತ ಕಡಿಮೆಯೇ ಎಂದು ಬೈದರು. "ನಿಮ್ ಮಕ್ಳು ಉಣ್ಲಿ ಬುಡಿ ಸಾಬ್ರೇ" ಎಂದ ಅಪ್ಪ. ಸಾಬರು ರಸ್ತೆಯ ಮಣ್ಣಿನಲ್ಲೇ ಕೂತುಬಿಟ್ಟರು. ಅವರನ್ನು ಎಬ್ಬಿಸಿ ಗಾಡಿ ಹತ್ತಿಸಿ ನಾವು ಮನೆಗೆ ನಡೆದೆವು. ಬೆಳಿಗ್ಗೆ ಅವ್ವ ಯಾರ್ಯಾರಿಗೆ ಸುದ್ದಿ ಹೇಳಿಕೊಂಡು ಹೋಗಿದ್ದಳೋ ಅವರೆಲ್ಲ ದಾರಿಯಲ್ಲಿ ನಿಂತು, ಏನಾಯಿತು ಎಂದು ಕೇಳಿದರು. ಅವ್ವ ಸೆರಗು ಎಳೆದುಕೊಂಡು ಮುಂದೆ ಹೋದಳು.

ಅಲ್ಲಿಂದಾಚೆಗೆ ಅಪ್ಪ ಕಚೇರಿಗೆ ಹೋಗಲಿಲ್ಲ. ಸೋಮವಾರ ಬಂದರೆ ಕೊಟ್ಟಿಗೆಯ ಕಂಬಕ್ಕೆ ಒರಗಿ ಹಗ್ಗ ಹೊಸೆಯುತ್ತಿದ್ದ. ಕಟ್ಟಲು ಎತ್ತಿಲ್ಲದ ಮನೆಗೆ ಎಷ್ಟು ಹಗ್ಗ ಬೇಕು? ಅವನು ಹೊಸೆಯುತ್ತಲೇ ಇದ್ದ, ಕೇಳಿದವರಿಗೆ ಕೊಡುತ್ತಿದ್ದ. ಅವ್ವ ಜಗಳವಾಡುವುದನ್ನು ಬಿಟ್ಟಳು. ಸಾಬರನ್ನು ಕರೆಸಿದ್ದು ತಾನು ಎಂಬ ಕೊರಗು ಅವಳನ್ನು ತಿನ್ನುತ್ತಿತ್ತು. ಮುದ್ದೆ ಹಾಕುವಳು, ಸಾರು ಬಿಡುವಳು, ಒಳಗೆ ಹೋಗುವಳು. ಬೈಗುಳ ಇದ್ದಾಗ ಇದೇನು ಪೀಡೆ ಎನ್ನುತ್ತಿದ್ದ ನನಗೆ ಆ ಸುಮ್ಮನಿರುವಿಕೆ ಕಂಡರೆ ಭಯವಾಗುತ್ತಿತ್ತು. ಒಮ್ಮೆ ಬೇಕೆಂದೇ ಸಾರಿನ ಪಾತ್ರೆ ಉರುಳಿಸಿದೆ, ಬೈಯಲಿ ಎಂದು. ಅವಳು ಬಟ್ಟೆ ತಂದು ನೆಲ ಒರೆಸಿದಳು ಅಷ್ಟೆ. ಊರಿನವರಿಗಂತೂ ಹಬ್ಬ. ಮೊದಲಾದರೆ ಒಬ್ಬಿಬ್ಬರು, ಪಾಪ ಮಾರಿರಲಿಕ್ಕಿಲ್ಲ ಎನ್ನುತ್ತಿದ್ದರು. ಈಗ ಅಧಿಕಾರಿಯ ಮುಂದೆ ಅವನೇ ಒಪ್ಪಿಕೊಂಡನಂತೆ ಎನ್ನುವುದಾಯಿತು. ಅವರ ಬಾಯಿ ಮುಚ್ಚಿಸುವ ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಆಡಿದರೆ ಪಿರಿಯಾಪಟ್ಟಣದ ಆ ಮಕ್ಕಳ ಅನ್ನಕ್ಕೆ ಕಲ್ಲು ಬೀಳುತ್ತಿತ್ತು, ಹಾಗಾಗಿ ನುಂಗಿಕೊಂಡೆ.

ನಾನು ಮೈನೆರೆದು ಎರಡು ವರ್ಷದ ಮೇಲೆ ಚುಂಚನಕಟ್ಟೆ ಕಡೆಯಿಂದ ಒಂದು ಸಂಬಂಧ ಬಂತು. ಕಾಲುವೆ ನೀರಿನ ಗದ್ದೆ, ಬಿಳಿ ಅನ್ನ ಉಣ್ಣುವ ಜನ. ಹುಡುಗ, ಅವನ ಅಪ್ಪ, ಸೋದರಮಾವ ಬಂದು ನಮ್ಮ ಜಗಲಿಯ ಮೇಲೆ ಕೂತರು. ನನ್ನನ್ನು ನೋಡಿ ಒಪ್ಪಿದ್ದೂ ಆಯಿತು. ಅವ್ವ ಒಬ್ಬಟ್ಟು ಮಾಡಿದ್ದಳು, ಅಪ್ಪ ಎಲೆ ಹಾಕಿ ನೀರೂ ಇಟ್ಟಿದ್ದ. ಆಗ ಆ ಸೋದರಮಾವ ಎಂಬ ಮಹಾನುಭಾವ ಗಂಟಲು ಸರಿಮಾಡಿಕೊಂಡ.

"ಗೌಡ್ರೇ, ತಪ್ ತಿಳೀಬ್ಯಾಡಿ. ಜನ ಒಂದ್ ಮಾತು ಅಂತಾರೆ. ಸರ್ಕಾರಿ ಎತ್ತು ಮಾರಿದ್ರಂತೆ, ನಿಜವಾ? ಇಲ್ಲ ಅಂದ್ಬುಡಿ, ಸಾಕು. ನಾವು ನಂಬ್ತೀವಿ."

ಇಲ್ಲ ಎಂದರೆ ಸಾಕಿತ್ತು. ಅಲ್ಲಿ ಯಾವ ಅಧಿಕಾರಿಯೂ ಇರಲಿಲ್ಲ, ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತ ನಾನು ಇಲ್ಲ ಅನ್ನಪ್ಪ, ಇಲ್ಲ ಅನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಆದರೆ ಇಲ್ಲ ಎಂದರೆ ಹಾಗಾದರೆ ಎತ್ತು ಏನಾಯಿತು ಎನ್ನುವ ಮಾತು ಬರುತ್ತದೆ. ಆ ಮಾತು ಊರಿಂದೂರಿಗೆ ನಡೆದು ಸಾಬರ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಅಪ್ಪ ನೆಲ ನೋಡುತ್ತ ಹೇಳಿದ.

"ನಿಜ. ಮಾರಿದ್ದೆ."

ಸೋದರಮಾವ ಎಲೆಯ ಮುಂದಿನಿಂದ ಎದ್ದ. ಆಗ ಅವ್ವ, ಗಂಡಸರು ಕೂತ ಕಡೆ ಎಂದೂ ಸುಳಿಯದಿದ್ದ ಅವ್ವ, ಒಬ್ಬಟ್ಟಿನ ತಟ್ಟೆ ಹಿಡಿದುಕೊಂಡೇ ಜಗಲಿಗೆ ಬಂದಳು.

"ಅವ್ರೊಬ್ರೇ ಅಲ್ಲ ಕಣ್ರಪ್ಪ. ಮಾರ್ಸಿದ್ದು ನಾನು. ಕೂಸಿಗೆ ಕಾಯಿಲೆ, ಏನಾರ ಮಾಡಿ ದುಡ್ಡು ಕಳ್ಸು ಅಂತ ಕಾಗ್ದ ಬರ್ಸಿದ್ದೆ. ಅದ್ಕೇ ಮಾರುದ್ರು. ಕಳ್ಳಿ ನಾನು. ಊರಿಗೋಗಿ ಇದ್ನೂ ಏಳಿ."

ಅವಳು ಯಾವ ಕಾಗದವನ್ನೂ ಬರೆಸಿರಲಿಲ್ಲ, ನನಗೆ ಯಾವ ಕಾಯಿಲೆಯೂ ಬಂದಿರಲಿಲ್ಲ. ಬಂದವರು ಉಣ್ಣದೆ ಹೋದರು. ಹುಡುಗ ಒಂದು ಸಲ ತಿರುಗಿ ನೋಡಿದ, ಅವನ ಅಪ್ಪ ಅವನ ತೋಳು ಹಿಡಿದು ಎಳೆದುಕೊಂಡು ಹೋದ. ಅಪ್ಪ ಅವ್ವನ ಕಡೆ ತಿರುಗಿದ.

"ಯಾಕಂಗಂದೆ ಕೆಂಪಿ?"

"ನೀನೊಬ್ನೇ ಕಳ್ಳ ಆಗಿ ಇನ್ನೆಷ್ಟ್ ವರ್ಷ ಕೂತಿರ್ತೀಯ? ನಾನೂ ಬಂದೆ ತಕ್ಕೋ."

ಅಪ್ಪ ಗೋಡೆಗೆ ಹಣೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಅವ್ವ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಅವನ ಪಕ್ಕ ಕೂತು ಬೆನ್ನು ಸವರಿದಳು.